ರುಚಿ ನೋಡುವವಳ ಖಾಲಿ ಹೊಟ್ಟೆ

ಅಡುಗೆ ಮಾಡಿ ಮಾರುವವರ ಮನೆಯಲ್ಲಿ ಯಾರಿಗೂ ಹೊಟ್ಟೆ ಕೆಡಬಾರದು. ಕೆಟ್ಟರೂ ಬೀದಿಗೆ ಗೊತ್ತಾಗಬಾರದು. ಅಡುಗೆಯವಳಿಗೆ ಕಾಲುನೋವು ಬಂದರೆ ಜನ ಪಾಪ ಅನ್ನುತ್ತಾರೆ. ಹೊಟ್ಟೆನೋವು ಬಂದರೆ ಪಾಪ ಅನ್ನುವುದಿಲ್ಲ, ಸೀದಾ ಪಕ್ಕದ ಅಂಗಡಿಗೆ ಹೋಗುತ್ತಾರೆ. ಇದು ಯಾರೋ ಹೇಳಿದ್ದಲ್ಲ, ನಾನೇ ಉಂಡ ನೋವು.

ನನ್ನ ಹೆಸರು ನಟರಾಜ. ಊರು ದಾವಣಗೆರೆ. ಮದುವೆಯಾದಾಗಿನಿಂದ ನಾನೂ ನನ್ನ ಹೆಂಡತಿ ಉಮಾದೇವಿಯೂ ವಿಜಯವಾಡದ ಒನ್ ಟೌನ್‌ನಲ್ಲಿದ್ದೇವೆ. ಇಲ್ಲಿ ನಮ್ಮದೊಂದು ಕರ್ರಿ ಪಾಯಿಂಟ್ ಇದೆ. ಮನೆಯಲ್ಲಿ ಅನ್ನ ಮಾತ್ರ ಮಾಡಿಕೊಂಡು ಪಲ್ಯ, ಪಪ್ಪು ಅನ್ನುವ ತೊವ್ವೆ, ಪುಲುಸು ಅನ್ನುವ ಹುಳಿ ಕೊಂಡೊಯ್ಯುವವರು ನಮ್ಮ ಗಿರಾಕಿಗಳು. ಉಮಾ ಮಾಡುತ್ತಾಳೆ, ನಾನು ಮಾರುತ್ತೇನೆ. ಅವಳ ಕೈರುಚಿಯೇ ನಮ್ಮ ಬಂಡವಾಳ, ನನ್ನದು ಬರೀ ಬಾಯಿ.

2006ರ ಬೇಸಿಗೆಯಲ್ಲಿ ಆ ಬಂಡವಾಳಕ್ಕೇ ಕುತ್ತು ಬಂತು. ಉಮಾಳ ಹೊಟ್ಟೆ ಉಬ್ಬತೊಡಗಿತು. ಎರಡು ತುತ್ತು ತಿಂದರೆ ಹಬ್ಬದೂಟ ಉಂಡವಳ ಹಾಗೆ ಗೋಡೆಗೆ ಒರಗಿ ಕೂರುತ್ತಿದ್ದಳು. ಮಲವಿಸರ್ಜನೆ ಮೂರು ನಾಲ್ಕು ದಿನಕ್ಕೊಮ್ಮೆ, ಅದೂ ತಿಣುಕಿ ತಿಣುಕಿ. ಅಷ್ಟು ಕಡಿಮೆ ತಿಂದರೂ ಮೈ ದಪ್ಪವಾಗುತ್ತಿತ್ತು. ಇದ್ಯಾವ ಲೆಕ್ಕ ಅಂತ ನನಗೆ ತಲೆಬುಡ ತಿಳಿಯಲಿಲ್ಲ.

"ಡಾಕ್ಟ್ರ ಹತ್ರ ಹೋಗಾನ ನಡಿ ಉಮಾ."

"ಸುಮ್ನಿರ್ರಿ! ಕರ್ರಿ ಪಾಯಿಂಟ್ ಉಮಾದೇವಿಗೆ ಹೊಟ್ಟಿ ಕೆಟ್ಟೈತಿ ಅಂತ ಗೊತ್ತಾದ್ರ ನಾಳಿಂದ ನಮ್ಮ ಪಪ್ಪು ಯಾರು ತಗೊಂತಾರ?"

ಮಾತು ನಿಜವೇ. ಅದಕ್ಕೇ ನಾನು ನಮ್ಮ ಬೀದಿಯ ಮೆಡಿಕಲ್ ಶಾಪ್ ಬಿಟ್ಟು, ಯಾರೂ ಗುರುತಿಲ್ಲದ ಕಡೆ ಹೋಗಿ ಗ್ಯಾಸಿನ ಸಿರಪ್ ತರುತ್ತಿದ್ದೆ. ಕಳ್ಳ ಸಾಮಾನು ಸಾಗಿಸುವವನ ಹಾಗೆ ಚೀಲದ ತಳದಲ್ಲಿಟ್ಟು ತರುತ್ತಿದ್ದೆ.

ಸಿರಪ್‌ಗೆ ಹೊಟ್ಟೆ ಬಗ್ಗಲಿಲ್ಲ. ಎಣ್ಣೆ ಸರಿಯಿಲ್ಲ ಅಂದುಕೊಂಡೆ, ಎಣ್ಣೆ ಬದಲಾಯಿಸಿದೆ. ಗುಂಟೂರಿನ ಮೆಣಸಿನಕಾಯಿ ಖಾರ ಅಂತ ಅದನ್ನೂ ಬಿಡಿಸಿದೆ. ಅವಳ ಅಮ್ಮ ದಾವಣಗೆರೆಯಿಂದ ಫೋನಿನಲ್ಲಿ ಹೇಳಿದರು: "ಆಂಧ್ರದೋರ ಉಪ್ಪಿನಕಾಯಿ ತಿಂದು ತಿಂದು ಹಿಂಗಾಗೈತಿ." ಉಮಾ ಎರಡೇ ತುತ್ತಿಗೆ ಏಳುವುದನ್ನು ಕಂಡ ಎದುರುಮನೆಯ ಕೋಟೇಶ್ವರಮ್ಮ ತೆಲುಗಿನಲ್ಲಿ ಹೇಳಿದರು: "ನಿಮ್ಮ ರಾಗಿಮುದ್ದೆ ಜೀರ್ಣವಾಗಲ್ಲಂಡೀ, ಅದನ್ನು ಬಿಡಿಸಿ." ಉಪ್ಪಿನಕಾಯಿಯೂ ಹೋಯಿತು, ಮುದ್ದೆಯೂ ಹೋಯಿತು. ಹೊಟ್ಟೆ ಮಾತ್ರ ಹಾಗೇ ಉಳಿಯಿತು. ಅಲ್ಲ, ನಾನೂ ಮಗಳು ಇಂಚರಾಳೂ ಅದೇ ಅಡುಗೆ ತಿಂದು ಕಲ್ಲುಗುಂಡಿನ ಹಾಗಿದ್ದೇವೆ. ಅಡುಗೆ ಕೆಟ್ಟಿದ್ದರೆ ಮೊದಲು ನಾನು ಮಲಗಬೇಕಿತ್ತು, ತಟ್ಟೆ ತುಂಬ ಬಡಿಸಿಕೊಳ್ಳುವವನು ನಾನೇ.

ನೀರು ಸರಿಯಿಲ್ಲವೇನೋ ಅಂತ ವಿಶಾಖಪಟ್ಟಣದಲ್ಲಿರುವ ಅವಳ ತಮ್ಮ ಮಹಾಬಲೇಶ್ವರನ ಮನೆಗೂ ಕರೆದುಕೊಂಡು ಹೋದೆ. ಬೇರೆ ನೀರು, ಬೇರೆಯವರ ಕೈಯಡುಗೆ, ಸಮುದ್ರದ ಗಾಳಿ, ಯಾವುದಕ್ಕೂ ಹೊಟ್ಟೆ ಇಳಿಯಲಿಲ್ಲ. ಸಿಂಹಾಚಲಂ ಬೆಟ್ಟದ ದೇವಸ್ಥಾನಕ್ಕೆ ಹೋದೆವು. ಹಿಂದಿನ ಸಲ ನನಗಿಂತ ಮುಂಚೆ ಮೆಟ್ಟಿಲು ಹತ್ತಿದ್ದವಳು ಈ ಸಲ ಕಾಲು ಭಾಗಕ್ಕೇ ಕುಸಿದು ಕೂತಳು. "ನನ್ನ ಕೈಲಿ ಆಗಂಗಿಲ್ರಿ, ನೀವ ಹೋಗಿ ಬರ್ರಿ" ಅಂದಳು. ಅಲ್ಲಿಂದಲೇ ಕೈಮುಗಿದು ಇಳಿದು ಬಂದೆವು. ಆ ದಿನ ನನಗೆ ನಿಜವಾಗಿ ಭಯವಾಯಿತು.

ವಾಪಸ್ ಬಂದ ಮೇಲೆ ಕೋಟೇಶ್ವರಮ್ಮ ಅಂಗಡಿ ಮುಂದೆ ನಿಂತು, ನಾಲ್ಕು ಜನ ಗಿರಾಕಿಗಳ ಎದುರಿಗೇ ಕೇಳಿಬಿಟ್ಟರು. "ನಟರಾಜ್ ಗಾರು, ನಿಮ್ಮ ಮನೆಯಾಕೆ ತಾನು ಮಾಡಿದ್ದನ್ನು ತಾನೇ ತಿನ್ನಲ್ಲವಲ್ಲ, ಯಾಕಂಡೀ? ಅದರಲ್ಲಿ ಏನು ಹಾಕ್ತಾರೆ?"

ಅಯ್ಯೋ ದೇವರೇ! ಅಲ್ಲಿಂದ ಶುರುವಾಯಿತು. ಸಂಜೆ ಆರಕ್ಕೆ ಖಾಲಿಯಾಗುತ್ತಿದ್ದ ಪಾತ್ರೆಗಳು ರಾತ್ರಿಯಾದರೂ ತುಂಬಿಯೇ ಇರುತ್ತಿದ್ದವು. ಇಂದ್ರಕೀಲಾದ್ರಿ ಬೆಟ್ಟದಿಂದ ದುರ್ಗಮ್ಮನ ದರ್ಶನ ಮುಗಿಸಿ ಇಳಿದು ಬರುವ ಹೊರಗಿನವರು ಮಾತ್ರ ಬರುತ್ತಿದ್ದರು, ಬೀದಿಯವರು ತಲೆ ತಗ್ಗಿಸಿಕೊಂಡು ದಾಟಿ ಹೋಗುತ್ತಿದ್ದರು. ಹೀಗೇ ಆದರೆ ಅಂಗಡಿ ಮುಚ್ಚಿ ಊರಿಗೆ ಗಂಟು ಕಟ್ಟುವುದೇ ಗತಿ ಅನ್ನಿಸಿತು.

ಆಗಲೂ ತಪ್ಪದೆ ಬರುತ್ತಿದ್ದವಳು ಬಿಂದುಶ್ರೀ ಒಬ್ಬಳೇ. ಹಾಸನದ ಹುಡುಗಿ, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಕನ್ನಡ ಮಾತಾಡಲು ಸಿಗುತ್ತದೆ ಅಂತಲೇ ನಮ್ಮಲ್ಲಿಗೆ ಬರುತ್ತಿದ್ದಳು. ಒಂದು ಮಧ್ಯಾಹ್ನ ಹೀರೇಕಾಯಿ ಪಲ್ಯ ಕಟ್ಟಿಸಿಕೊಳ್ಳುತ್ತಿದ್ದಳು. ವಿಜಯವಾಡದ ಮೇ ತಿಂಗಳು, ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ಒಳಗಿನಿಂದ ಉಮಾ ಕೂಗಿದಳು: "ರೀ, ಆ ಫ್ಯಾನ್ ಆರ್ಸ್ರಿ, ಚಳಿ ಆಕ್ಕತಿ."

ಬಿಂದುಶ್ರೀ ನನ್ನ ಮುಖ ನೋಡಿದಳು. "ಏನಣ್ಣ, ಈ ಬಿಸಿಲಲ್ಲಿ ಅಕ್ಕಂಗೆ ಚಳೀನಾ?"

"ನಾನೂ ಅದನ್ನ ಕೇಳ್ತೀನವ್ವಾ. ರಾತ್ರಿ ರಗ್ಗು ಬೇರೆ ಹೊದಿತಾಳ. ಒಂದೂ ಅರ್ಥ ಆಗಂಗಿಲ್ಲ."

ಅವಳು ಸೀದಾ ಒಳಗೆ ಹೋದಳು. ಉಮಾಳ ಒಣಗಿದ ಕೈ ಮುಟ್ಟಿದಳು, ಉದುರಿ ತೆಳ್ಳಗಾದ ಜಡೆ ನೋಡಿದಳು. "ಅಕ್ಕ, ದನಿ ಯಾಕೆ ಇಷ್ಟು ಗೊಗ್ಗರಾಗಿದೆ? ಸುಸ್ತಾಗುತ್ತಾ? ಹೊಟ್ಟೆ ಹೇಗಿದೆ?"

"ಮೆಲ್ಲಗ ಮಾತಾಡವ್ವಾ, ಹೊರಗ ಗಿರಾಕಿ ಅದಾರ" ಅಂದಳು ಉಮಾ. ಅಷ್ಟು ಹೇಳಿ ಅತ್ತುಬಿಟ್ಟಳು. ಇಷ್ಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಆ ಹುಡುಗಿಯ ಮುಂದೆ ಹೇಳಿದಳು.

"ಇದು ಥೈರಾಯ್ಡ್ ಇರಬಹುದು ಕಣಕ್ಕ. ಕತ್ತಿನ ಮುಂದೆ ಒಂದು ಗ್ರಂಥಿ ಇರುತ್ತೆ. ಟಿಎಸ್‌ಎಚ್ ಅಂತ ಒಂದು ರಕ್ತ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ."

ನನಗೆ ಸಿಟ್ಟು ಬಂತು. "ಹೊಟ್ಟಿ ಕೆಟ್ರ ಕತ್ತು ನೋಡ್ತಾರೇನವ್ವಾ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ!"

ಅವಳು ನಕ್ಕಳು. "ಅಣ್ಣ, ಬೇಳೆ ಬೇಯ್ತಿಲ್ಲ ಅಂದ್ರೆ ಬರೀ ಬೇಳೆ ನೋಡ್ತೀರಾ, ಸ್ಟವ್ ಸಣ್ಣ ಉರಿಯಲ್ಲಿದೆಯಾ ಅಂತಾನೂ ನೋಡ್ತೀರಾ? ಮೈಯೊಳಗಿನ ಉರಿ ಜಾಸ್ತಿ ಕಮ್ಮಿ ಮಾಡೋದು ಆ ಗ್ರಂಥಿ. ಅದು ಕೆಲಸ ಕಮ್ಮಿ ಮಾಡಿದ್ರೆ ಎಲ್ಲಾ ನಿಧಾನ. ಕರುಳೂ ನಿಧಾನ. ತಿಂದದ್ದು ಮುಂದಕ್ಕೆ ಹೋಗಲ್ಲ, ಹೊಟ್ಟೆ ಉಬ್ಬುತ್ತೆ, ಮಲಬದ್ಧತೆ ಆಗುತ್ತೆ. ಸುಸ್ತು, ಚಳಿ, ಮೈ ಊದೋದು, ಎಲ್ಲಾ ಅದರಿಂದಲೇ ಬರಬಹುದು."

ಉಮಾ ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ ಮಾತು. "ಹಂಗಂದ್ರ... ನನ್ನ ಅಡಿಗಿಯಿಂದ ಅಲ್ಲಾ?"

"ಅಡುಗೆಯಿಂದ ಆಗಿದ್ರೆ ದಿನಾ ತಿನ್ನೋ ನಾನು ಹಿಂಗಿರ್ತಿದ್ನಾ ಅಕ್ಕ?"

ಅವಳ ಆಸ್ಪತ್ರೆಯ ಡಾಕ್ಟರ್ ರಾಮಮೋಹನ್ ಪರೀಕ್ಷೆ ಮಾಡಿಸಿದರು. ಬಿಂದುಶ್ರೀ ಹೇಳಿದ್ದೇ ಸರಿಯಾಗಿತ್ತು, ಥೈರಾಯ್ಡ್ ಸಾಕಷ್ಟು ಕೆಲಸ ಮಾಡುತ್ತಿರಲಿಲ್ಲ. ಸಣ್ಣದೊಂದು ಮಾತ್ರೆ ಬರೆದುಕೊಟ್ಟರು. "ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಗೋಬೇಕು. ಎರಡು ತಿಂಗಳಾದ ಮೇಲೆ ಮತ್ತೆ ರಕ್ತ ನೋಡೋಣ."

ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಹೊಟ್ಟೆ ಇಳಿಯಲಿಲ್ಲ, ಸುಸ್ತು ಹೋಗಲಿಲ್ಲ. ರಕ್ತ ಪರೀಕ್ಷೆಯಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಡಾಕ್ಟರ್ ಕೇಳಿದರು: "ಖಾಲಿ ಹೊಟ್ಟೆಯಲ್ಲೇ ತಾನೇ?" ಉಮಾ ದುರ್ಗಮ್ಮನ ಮೇಲೆ ಆಣೆ ಇಡುವುದೊಂದು ಬಾಕಿ. ಹೌದು ಅಂದಳು, ನಾನೂ ಹೌದು ಅಂದೆ. ಡಾಕ್ಟರ್‌ಗೂ ಗೊಂದಲ, ನಮಗೂ ಗೊಂದಲ. ದಾರಿಯಲ್ಲಿ ನಾನು ಗೊಣಗಿದೆ: "ನಾ ಮೊದ್ಲ ಹೇಳಿದ್ನಲ್ಲ, ಇದು ಕತ್ತಿಂದಲ್ಲ, ಹೊಟ್ಟೀದ ಅಂತ." ಉಮಾ ಮನೆಗೆ ಬಂದು, "ನಾಳಿಂದ ಮಾತ್ರಿ ಬ್ಯಾಡ" ಅಂದಳು.

ಮರುದಿನ ಬೆಳಿಗ್ಗೆ ಬಿಂದುಶ್ರೀ ರಾತ್ರಿ ಡ್ಯೂಟಿ ಮುಗಿಸಿ, ಏನಾಯಿತು ಅಂತ ಕೇಳಲು ನಮ್ಮಲ್ಲಿಗೇ ಬಂದಳು. ಒಲೆಯ ಮೇಲೆ ಪುಲುಸು ಕುದಿಯುತ್ತಿತ್ತು. ಉಮಾ ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದಳು, ಉಪ್ಪು ಹಾಕಿದಳು. ಪಪ್ಪನ್ನೂ ಹಾಗೇ ನೋಡಿದಳು. ಪಲ್ಯದ ಹೋಳು ಬೆಂದಿದೆಯೇ ಅಂತ ಬಾಯಿಗೆ ಹಾಕಿಕೊಂಡಳು. ಪಕ್ಕದಲ್ಲಿ ಅರ್ಧ ಕುಡಿದ ಕಾಫಿ ಲೋಟ ಇತ್ತು.

"ಅಕ್ಕ, ಮಾತ್ರೆ ನುಂಗಿ ಎಷ್ಟು ಹೊತ್ತಾಯ್ತು?"

"ಬಿಟ್ಟಬಿಟ್ಟೀನಿ. ದಿನಾ ಈ ಕೆಲಸ ಮುಗಿಸಿ ತಗೊಂತಿದ್ದೆ. ಆಮ್ಯಾಲ ಗ್ಯಾಸಿನ ಸಿರಪ್."

"ಖಾಲಿ ಹೊಟ್ಟೇಲಿ ಅಂದ್ರಲ್ಲ?"

"ಖಾಲಿನೇ ಮತ್ತ! ನಾಷ್ಟಾ ಎಲ್ಲಿ ಮಾಡಿರ್ತೀನಿ ಆವಾಗ?"

"ಈಗ ತಿಂದ್ರಲ್ಲ ಅಕ್ಕ, ಅದೇನು?"

"ತಿಂದೆಲ್ಲಿ? ರುಚಿ ನೋಡಿದೆ."

ಬಿಂದುಶ್ರೀ ಹಣೆ ಚಚ್ಚಿಕೊಂಡಳು. ನಾನೂ ಚಚ್ಚಿಕೊಂಡೆ. ಇಪ್ಪತ್ತು ವರ್ಷ ಅಡುಗೆ ಮಾಡಿದವಳಿಗೆ ರುಚಿ ನೋಡುವುದು ಊಟವೇ ಅಲ್ಲ, ಅದು ಕೆಲಸ. ಎಲೆ ಹಾಕಿಕೊಂಡು ಕೂತರೆ ಮಾತ್ರ ಊಟ. ದಿನಾ ಎದುರಿಗೇ ಓಡಾಡುವ ನನಗೂ ಅದು ಊಟ ಅನ್ನಿಸಿರಲಿಲ್ಲ.

"ಅಕ್ಕ, ಹೊಟ್ಟೆಗೆ ನಿಮ್ಮ ಲೆಕ್ಕ ಗೊತ್ತಾಗಲ್ಲ. ಒಂದು ಚಮಚ ಹೋದ್ರೂ ಅದು ಖಾಲಿಯಲ್ಲ. ಊಟ, ಕಾಫಿ ಜೊತೆ ಹೋದ್ರೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ. ಗ್ಯಾಸಿನ ಸಿರಪ್ ಅಂತೂ ಅದನ್ನ ತಡೆದೇ ಬಿಡುತ್ತೆ. ಹೊಟ್ಟೆ ಉಬ್ಬುತ್ತೆ ಅಂತ ಸಿರಪ್ ಕುಡೀತಿದ್ರಿ, ಸಿರಪ್ ಕುಡಿದಿದ್ದಕ್ಕೆ ಮಾತ್ರೆ ಕೆಲಸ ಮಾಡ್ತಿರಲಿಲ್ಲ, ಅದಕ್ಕೇ ಹೊಟ್ಟೆ ಉಬ್ಬೋದು ನಿಲ್ತಿರಲಿಲ್ಲ. ಮಾತ್ರೆ ಬಿಡೋದಲ್ಲ ಅಕ್ಕ, ಹೊತ್ತು ಬದಲಾಯಿಸಬೇಕು."

ಅವತ್ತೇ ಡಾಕ್ಟರ್‌ಗೆ ಹೇಳಿದೆವು. ಸಿರಪ್ ನಿಲ್ಲಿಸಿದರು, ಮಾತ್ರೆ ಹಾಗೇ ಮುಂದುವರಿಸಿದರು. ಅಂದಿನಿಂದ ಮಾತ್ರೆಯ ಡಬ್ಬಿ ಅಡುಗೆಮನೆ ಬಿಟ್ಟು ದಿಂಬಿನ ಪಕ್ಕಕ್ಕೆ ಬಂತು. ಎದ್ದ ತಕ್ಷಣ ಮಾತ್ರೆ, ಒಂದು ಲೋಟ ನೀರು. ಆಮೇಲೆ ಸ್ನಾನ, ರಂಗೋಲಿ, ಪೂಜೆ. ಒಂದು ಗಂಟೆ ಬಾಯಿಗೆ ಏನೂ ಇಲ್ಲ. ಆ ಹೊತ್ತಿನಲ್ಲಿ ಒಲೆಯ ಮೇಲಿದ್ದದ್ದರ ರುಚಿ ನೋಡುವ ಕೆಲಸ ನನ್ನದಾಯಿತು. ಮೊದಲ ವಾರ ಪುಲುಸಿಗೆ ಎರಡು ಸಲ ಉಪ್ಪು ಬಿತ್ತು. "ನಿಮ್ಮ ನಾಲಿಗಿ ಬರೀ ಮಾತಾಡಾಕ ಐತಿ" ಅಂದಳು ಉಮಾ. ಬಹಳ ದಿನಗಳ ಮೇಲೆ ಅವಳು ನನ್ನನ್ನು ಗೇಲಿ ಮಾಡಿದ್ದು. ನನಗೆ ಎಷ್ಟು ಖುಷಿಯಾಯಿತೋ!

ಒಂದೇ ದಿನಕ್ಕೆ ಏನೂ ಆಗಲಿಲ್ಲ. ವಾರಗಳು ಹೋದಂತೆ ಸುಸ್ತು ಕಡಿಮೆಯಾಯಿತು, ಹೊಟ್ಟೆ ಹಗುರವಾಯಿತು, ಬೆಳಗಿನ ಕಷ್ಟ ತಪ್ಪಿತು. ದಸರೆಯ ಹೊತ್ತಿಗೆ ಫ್ಯಾನ್ ಜೋರು ಮಾಡಿ ಅಂತ ಅವಳೇ ಕೂಗತೊಡಗಿದಳು.

ದಸರೆಯಲ್ಲಿ ಬೆಟ್ಟದಿಂದ ಇಳಿದ ಜನರಿಂದ ನಮ್ಮ ಬೀದಿ ತುಂಬಿತ್ತು. ಉಮಾ ಅಂಗಡಿಯ ಮುಂದೆ ಸ್ಟೂಲ್ ಹಾಕಿಸಿದಳು. ತಾನೇ ಮಾಡಿದ ಪಪ್ಪು, ಪಲ್ಯ, ಪುಲುಸು ಬಡಿಸಿಕೊಂಡು ಎಲ್ಲರಿಗೂ ಕಾಣುವ ಹಾಗೆ ಊಟಕ್ಕೆ ಕೂತಳು. ಕೋಟೇಶ್ವರಮ್ಮ ಎದುರುಮನೆಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

"ಬನ್ನಿ ಪಿನ್ನಿಗಾರು, ಬನ್ನಿ ಚಿಕ್ಕಮ್ಮಾ!" ಅಂತ ಉಮಾ ತೆಲುಗಿನಲ್ಲಿ ಗಟ್ಟಿಯಾಗಿ ಕರೆದಳು. "ನಾನು ತಿನ್ನದೆ ಇದ್ದದ್ದು ಅಡುಗೆ ಕೆಟ್ಟಿದ್ದಕ್ಕಲ್ಲ. ರಕ್ತ ಪರೀಕ್ಷೆಯಲ್ಲಿ ಗೊತ್ತಾಯ್ತು, ನನಗೆ ಥೈರಾಯ್ಡ್ ಕಾಯಿಲೆ ಇದೆ. ಅದಕ್ಕೇ ಹೊಟ್ಟೆ ಭಾರ, ಸುಸ್ತು, ಬೇಸಿಗೆಯಲ್ಲೂ ಚಳಿ. ಮಾತ್ರೆ ತಗೊಳ್ತಾ ಇದೀನಿ. ಈಗ ತಿಂತಾ ಇದೀನಿ, ನೋಡಿ."

ಬೀದಿಯೆಲ್ಲ ಕೇಳಿಸಿಕೊಂಡಿತು. ನಾನು ಸೌಟು ಹಿಡಿದುಕೊಂಡು ಬೆವೆತುಹೋದೆ. ಕೋಟೇಶ್ವರಮ್ಮ ಇಳಿದು ಬಂದರು. ಜಗಳಕ್ಕೇ ಬಂದರು ಅಂದುಕೊಂಡೆ. ಅವರು ಉಮಾಳ ಕಿವಿಯ ಹತ್ತಿರ ಬಗ್ಗಿದರು. "ಅಮ್ಮಾ, ನಮ್ಮ ಸೊಸೆ ಲಕ್ಷ್ಮೀಪ್ರಸನ್ನನೂ ಮೇ ತಿಂಗಳಲ್ಲಿ ಶಾಲು ಹೊದ್ದುಕೊಂಡು ಮಲಗ್ತಿದ್ದಳು. ಹೊಟ್ಟೆ ಭಾರ, ಕೈಲಾಗಲ್ಲ ಅಂತಿದ್ದಳು. ಸೋಮಾರಿ ಅಂತ ಬೈತಾ ಬಂದೆ. ಆ ಪರೀಕ್ಷೆ ಎಲ್ಲಿ ಮಾಡ್ತಾರೆ?"

ಉಮಾ ತಟ್ಟೆ ಕೆಳಗಿಟ್ಟಳು. "ನಾಳೆ ನಾನೇ ಕರ್ಕೊಂಡು ಹೋಗ್ತೀನಿ" ಅಂದಳು. ಕೋಟೇಶ್ವರಮ್ಮ ಹೋಗುವಾಗ ನನ್ನ ಕಡೆ ತಿರುಗಿ, "ಒಂದು ಪಪ್ಪು ಕಟ್ಟಿಕೊಡಂಡೀ" ಅಂದರು. ಅವರ ಹಿಂದೆ ಬೀದಿಯವರೂ ಬಂದರು.

ಅಕ್ಕಂದಿರೇ, ಅಣ್ಣಂದಿರೇ, ಹೊಟ್ಟೆಯ ತೊಂದರೆಗಳೆಲ್ಲ ಥೈರಾಯ್ಡ್‌ನಿಂದಲೇ ಬರುತ್ತವೆ ಅಂತ ನಾನು ಹೇಳುವುದಿಲ್ಲ. ಅದು ಡಾಕ್ಟರ್ ಹೇಳಬೇಕಾದ ಮಾತು. ಆದರೆ ಬಹಳ ದಿನದಿಂದ ಮಲಬದ್ಧತೆ, ಹೊಟ್ಟೆಯುಬ್ಬರ, ಜೊತೆಗೆ ಸುಸ್ತು, ಚಳಿ, ಕೂದಲುದುರುವುದು, ಕಾರಣವಿಲ್ಲದೆ ಮೈ ದಪ್ಪವಾಗುವುದು ಇದ್ದರೆ, ಸಿರಪ್ ಕುಡಿದು ಮುಚ್ಚಿಡಬೇಡಿ, ಒಮ್ಮೆ ರಕ್ತ ಪರೀಕ್ಷೆಯ ವಿಷಯ ಕೇಳಿ. ಮಾತ್ರೆ ಬರೆದುಕೊಟ್ಟರೆ ಎದ್ದ ಕೂಡಲೇ ಬರೀ ನೀರಿನಲ್ಲಿ ತೆಗೆದುಕೊಳ್ಳಿ, ಕಾಫಿ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಗ್ಯಾಸಿನ ಔಷಧಿ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ಡಾಕ್ಟರ್‌ಗೆ ಹೇಳಿ, ನಾಲ್ಕು ಗಂಟೆ ದೂರವಿಡಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಬಸುರಿಯರಂತೂ ಡಾಕ್ಟರ್‌ಗೆ ತಿಳಿಸುವುದನ್ನು ಮರೆಯಲೇಬೇಡಿ. ಹಾಂ, ರುಚಿ ನೋಡಿದರೂ ತಿಂದ ಹಾಗೆಯೇ!

ಈ ಬೇಸಿಗೆಯಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ಫ್ಯಾನ್ ಆರಿಸಿ ಅಂದರೆ ಬೈಯಬೇಡಿ. ಪಕ್ಕದಲ್ಲಿ ಕೂತು, ಹೊಟ್ಟೆ ಹೇಗಿದೆ ಅಂತ ಕೇಳಿ.