ಮುಗಿಯಬಾರದ ಆಮೆ

೧.
ಮುದುಕನೊಬ್ಬ ಸಾಯುತ್ತಾನೆ ಎಂದು ಶುರುಮಾಡಲೇ? ಬೇಡ. ಮಾಸಿಂಗ್ ತಾತ ಇನ್ನೂ ಬದುಕಿದ್ದಾನೆ. ಮಲೆಕುಲ ದ್ವೀಪದ ಮರಳ ಮೇಲೆ ಕೂತು, ಬಾಳೆಲೆಯಲ್ಲಿ ಬೆಂದ ಲಾಪ್‌ಲಾಪ್ ಕಡುಬು ಮೆಲ್ಲುತ್ತಾ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾನೆ. (ಡ್ರಾಫ್ಟ್ ಹರಿದೆ. ಉಣ್ಣುತ್ತಿರುವವನನ್ನು ಸಾಯಿಸುವುದು ಮರ್ಯಾದೆಯಲ್ಲ.)

೨.
ದ್ವೀಪದವರ ನಂಬಿಕೆಯಂತೆ, ಸತ್ತವರ ದಾರಿಗೆ ಅಡ್ಡಲಾಗಿ ಒಬ್ಬ ರಾಕ್ಷಸಿ ಕೂತಿರುತ್ತಾಳೆ. ನಮ್ಮನ್ನು ಕಂಡೊಡನೆ, ಮರಳಲ್ಲಿ ತಾನು ಬರೆದ ಚಿತ್ರದ ಅರ್ಧ ಅಳಿಸುತ್ತಾಳೆ. ಬೆರಳೆತ್ತದೆ, ಒಂದೇ ಗೆರೆಯಲ್ಲಿ ಉಳಿದರ್ಧ ಮುಗಿಸಿದರೆ ದಾರಿ. ಇಲ್ಲವಾದರೆ ನಾವೇ ಅವಳ ಊಟ. ಡಾಕ್ಟರು ಕೈಚೆಲ್ಲಿದಂದಿನಿಂದ ತಾತನಿಗೆ ಒಂದೇ ಚಿಂತೆ: ಆಮೆಯ ಚಿತ್ರ ಅರ್ಧ ಮರೆತುಹೋಗಿದೆ. ಅಭ್ಯಾಸಕ್ಕೆಂದು ಮೊಮ್ಮಗಳು ಲೆಯ್ಸಾಲಿ ಅರ್ಧ ಬರೆದುಕೊಡಬೇಕು.

"ಸಂಜೆ ಸಮುದ್ರ ಬಂದು ನೆಕ್ಕಿಬಿಡುತ್ತೆ ತಾತ. ಬರೆದು ಏನು ಬಂತು?"

"ಲಾಪ್‌ಲಾಪೂ ಸಂಜೆವರೆಗೆ ಇರಲ್ಲ ಕಣೇ. ಬೇಯಿಸೋದು ಬಿಟ್ಟಿದ್ದೀಯಾ? ಬರಿ."

೩.
(ಇಲ್ಲಿ ಬದುಕಿನ ಅರ್ಥದ ಬಗ್ಗೆ ಎರಡು ಪುಟ ಇತ್ತು. ತಾತ ಆಕಳಿಸಿದ. ಕಿತ್ತೆಸೆದೆ.)

ಅವಳು ಬರೆದಳು. ತಾತನ ಬೆರಳು ಸುತ್ತಿತು, ತಿರುಗಿತು, ಸಿಕ್ಕಿಕೊಂಡಿತು. ಮರುದಿನವೂ ಅಷ್ಟೇ. ಗುಟ್ಟು ಹೇಳಿಬಿಡುತ್ತೇನೆ: ಯಾರಿಂದಲೂ ಮುಗಿಸಲಾಗದ ಆಮೆಯನ್ನೇ ಅವಳು ಬೇಕೆಂದೇ ಬರೆಯುತ್ತಿದ್ದಳು. ಆಮೆ ಮುಗಿಯದೆ ತಾತ ಹೊರಡುವ ಹಾಗಿಲ್ಲವಲ್ಲ!

"ಲೇ ಕಳ್ಳಿ, ಇದಕ್ಕೆ ಮೂರೇ ಕಾಲು!"

"ನಾಲ್ಕನೇದು ಶಾರ್ಕ್ ತಿಂತು."

"ತಲೆ ಎಲ್ಲೇ?"

"ನಿನ್ನ ಮುಖ ನೋಡಿ ಒಳಗೆಳ್ಕೊಂಡಿದೆ."

"ಕಡಲಾಮೆ ತಲೆ ಒಳಗೆಳ್ಕೊಳ್ಳುತ್ತಾ, ಸುಳ್ಳುಬುರುಕಿ!"

ತಾತ ನಕ್ಕ; ನಗು ಕೆಮ್ಮಾಯಿತು; ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಹೋಗ್ಬೇಡ," ಅಂದಳು.



ತಾತ ಬೆರಳಿಟ್ಟ. ಇಲ್ಲದ ಕಾಲಿನ ಜಾಗದಲ್ಲಿ ಗೆರೆ ಬಳುಕಿ ಶಾರ್ಕಿನ ಬಾಯಾಯಿತು, ಹಲ್ಲಾಯಿತು, ಆಮೆಯ ಇಲ್ಲದ ತಲೆಯನ್ನೂ ನುಂಗಿ, ಹೊರಟಲ್ಲಿಗೇ ಬಂದು ಕೂಡಿತು. ಇಂಥದ್ದನ್ನು ದ್ವೀಪದಲ್ಲಿ ಯಾರೂ ಬರೆದಿರಲಿಲ್ಲ. ಲೆಯ್ಸಾಲಿ ಬಾಯಿಬಿಟ್ಟು ನೋಡಿದಳು. ಆಮೇಲೆ, ಸಮುದ್ರಕ್ಕೂ ಕಾಯದೆ, ಎರಡೂ ಅಂಗೈಯಿಂದ ಅಷ್ಟನ್ನೂ ಅಳಿಸಿದಳು.

"ಇನ್ನೊಂದು ತಾತ! ಈ ಸಲ ಎರಡೇ ಕಾಲು!"

೪.
ಅಂತ್ಯ ಅ: ಅದೇ ವಾರ ತಾತ ತೀರಿಕೊಂಡ. (ಲೆಯ್ಸಾಲಿ ನನ್ನತ್ತ ತೆಂಗಿನ ಚಿಪ್ಪು ಬೀಸಿದಳು.)

ಅಂತ್ಯ ಆ: ತಾತ ನೂರು ದಾಟಿದ. ("ಅಷ್ಟು ದಿನ ಇವಳ ಕಾಟ ಯಾರು ತಡೀತಾರೆ?" ಎಂದ ತಾತ.)

ಅಂತ್ಯ ಇ: ಯೋಚಿಸುತ್ತಾ ಅವರ ಹತ್ತಿರ ಹೋಗಿ ಹೊಸ ಆಮೆಯತ್ತ ಬಗ್ಗಿದೆ.

"ಏಯ್ ಕಥೆಗಾರ," ಇಬ್ಬರೂ ಒಟ್ಟಿಗೇ ಕೂಗಿದರು, "ನಿನ್ನ ಕಾಲು ತೆಗಿಯೋ! ಅಲ್ಲಿ ಬಾಲ ಬರುತ್ತೆ!"