ತಮ್ಮನ ಹೆಸರು

“ಯಾಕೆ?” ಎಂದು ಲಾವಣ್ಯ ಮೇಡಂ ಮತ್ತೆ ಕೇಳಿದಾಗ, ಸಭಾಂಗಣದ ಹಿಂಬದಿಯಲ್ಲಿ ನಿಂತಿದ್ದ ಮುತ್ತು ಹಲ್ಲು ಕಡಿದ. ಯಾವ ಸೋಪಿನ ಪುಡಿ ಕೊಳ್ಳುತ್ತೀರಿ ಎಂದರು, ಸರಿ. ಯಾಕೆ ಅದೇ ಎಂದರು, ಅದೂ ಸರಿ. ಹೇಳಿದ್ದಕ್ಕೆಲ್ಲ ಯಾಕೆ, ಯಾಕೆ ಎಂದು ಕೆರೆಯುವುದಕ್ಕೆ ಇವರಿಗೊಂದು ಸಮ್ಮೇಳನ ಬೇರೆ! ವೈಟ್‌ಫೀಲ್ಡಿನ ದೊಡ್ಡ ಹೋಟೆಲು, ದೇಶದ ಮೂಲೆಮೂಲೆಯಿಂದ ಬಂದ ಮಾರ್ಕೆಟ್ ರಿಸರ್ಚಿನವರು, ಕೊಳ್ಳುವ ಹೆಂಗಸಿನ ಮನಸ್ಸನ್ನು ಬಗೆಯುವುದು ಹೇಗೆಂದು ವೇದಿಕೆಯ ಮೇಲೆ ಪ್ರಾತ್ಯಕ್ಷಿಕೆ.

ಅಂಥ ಹೆಂಗಸರನ್ನು ಹುಡುಕಿ ತರುವುದು ಮುತ್ತುವಿನ ಕೆಲಸ. ಒಪ್ಪಿದ್ದವಳು ಬೆಳಿಗ್ಗೆ ಕೈಕೊಟ್ಟಳೆಂದು ಲಗ್ಗೆರೆಯ ರೂಮಿನಿಂದ ಸ್ವಂತ ಅಕ್ಕ ಮಹಾದೇವಿಯನ್ನೇ ಹೊರಡಿಸಿಕೊಂಡು ಬಂದು ಮೇಡಂ ಎದುರು ವೇದಿಕೆಯ ಮೇಲೆ ಕೂರಿಸಿದ್ದ. ನೆಂಟರನ್ನು ಕೂರಿಸಿದ್ದು ಗೊತ್ತಾದರೆ ಕೆಲಸ ಹೋದಂತೆಯೇ. ಪಕ್ಕದಲ್ಲೇ ನಿಂತಿದ್ದ ಸೂಪರ್‌ವೈಸರ್ ಮುನೀಂದ್ರ ಇದೇ ತಪ್ಪಿಗೆ ಒಬ್ಬನನ್ನು ಆಗಲೇ ಮನೆಗೆ ಕಳಿಸಿದ್ದ. ಬಸ್ಸಿನ ದಾರಿಯುದ್ದಕ್ಕೂ ಅಕ್ಕನಿಂದ ಗಿಳಿಪಾಠ ಹೇಳಿಸಿದ್ದಾಯಿತು. “ಆತು ಬಿಡಪಾ. ನೀ ಯಾರೋ, ನಾ ಯಾರೋ,” ಎಂದು ಅವಳು ನಕ್ಕಿದ್ದಳು.

“ಹೇಳಿ ಮಹಾದೇವಿಯವ್ರೇ, ಬಟ್ಟೆ ಅಷ್ಟು ಬೆಳ್ಳಗಾಗ್ಬೇಕು ಯಾಕೆ?”

“ನನ್ನ ತಮ್ಮನ್ವು ಬಿಳಿ ಅಂಗಿ ಅದಾವ್ರಿ...”

ಮುತ್ತು ಓರೆಗಣ್ಣಿನಿಂದ ಮುನೀಂದ್ರನನ್ನು ನೋಡಿದ.

“ಓ, ತಮ್ಮ! ಏನ್ ಕೆಲ್ಸ ಮಾಡ್ತಾರೆ?”

ಅವಳ ಕಣ್ಣು ಒಮ್ಮೆ ಹಿಂಬದಿಗೆ ಹಾಯಿತು. “ಈಗಿಲ್ರೀ. ತೀರ್ಕೊಂಡಾನ.”

ಮೇಡಂ ಅಷ್ಟಕ್ಕೇ ಬಿಡಲಿಲ್ಲ.

“ಆದ್ರೂ ಅದೇ ಪೌಡರ್ ತಗೋತೀರಾ? ಯಾಕೆ?”

“ರೂಢಿರೀ.”

ಪೆನ್ನುಗಳು ಓಡಿದವು. “ಎಲ್ಲಿ ಹಿಡ್ದೆ ಮಗಾ ಇವಳ್ನ? ಸಕ್ಕತ್!” ಎಂದು ಮುನೀಂದ್ರ ಬೆನ್ನು ತಟ್ಟಿದ. ಕೆಲಸ ಉಳಿದಿತ್ತು. ಸತ್ತಿದ್ದಕ್ಕೆ ಶಹಬ್ಬಾಸ್‌ಗಿರಿ ಸಿಕ್ಕಿತ್ತು.

ಮೇಡಂ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. “ಅವ್ರ ಹೆಸರೇನು?”

ಮಹಾದೇವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಸುಳ್ಳೇನೋ ಹೇಳಿಯಾಗಿತ್ತು. ಅದಕ್ಕೆ ಬದುಕಿರುವವನ ಹೆಸರು ಹಚ್ಚಲು ನಾಲಿಗೆ ಏಳಲಿಲ್ಲ, ಬೇರೆ ಹೆಸರೂ ಹೊಳೆಯಲಿಲ್ಲ.

“ಹೇಳಿ, ಮನಸ್ಸು ಹಗುರಾಗುತ್ತೆ. ಹೇಳೋಕಾಗ್ತಿಲ್ವಾ? ಯಾಕೆ?”

ಅವಳ ಕಣ್ಣು ತುಂಬಿತು. ಮುಂದಿನ ಸಾಲಿನವನೊಬ್ಬ ಫೋನೆತ್ತಿ ವಿಡಿಯೊ ಹಿಡಿದ.

ಮುತ್ತುವಿನ ತಲೆ ಕೆಟ್ಟಿತು. “ಮುತ್ತು! ಮುತ್ತು ಅಂತ ಹೆಸರು! ನಾನೇ ಆಕಿ ತಮ್ಮ. ಸಾಕು ಬಿಡ್ರೀ ಮೇಡಂ, ಇನ್ನೆಷ್ಟು ಅಗೀತೀರಿ?” ಎಂದು ಕೂಗುತ್ತ ಕುರ್ಚಿಗಳ ನಡುವೆ ನುಗ್ಗಿದ.

“ಲೋ, ಮುಗೀತು ಕಣೋ ನಿನ್ ಕಥೆ! ನಾಳೆಯಿಂದ ಬರ್ಬೇಡ!” ಎಂದು ಮುನೀಂದ್ರ ಹಿಂದಿನಿಂದ ಅರಚಿದ.

ಮಹಾದೇವಿ ಅದೊಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ವೇದಿಕೆ ಹತ್ತಿದ ತಮ್ಮನ ಕೆನ್ನೆಗಳನ್ನು ಎರಡೂ ಕೈಯಿಂದ ಸವರಿ, ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ಲಟಲಟನೆ ನೆಟಿಗೆ ಮುರಿದಳು. ಸೆರಗಿಗೆ ಸಿಕ್ಕಿಸಿದ್ದ ಮೈಕಿನಿಂದ ಆ ಸದ್ದು ನಾಲ್ಕೂ ಗೋಡೆಗೆ ಬಡಿಯಿತು.