ಚೀಲದ ಬಾಯಿಗೂ ತಳಕ್ಕೂ ಒಂದೇ ಈರುಳ್ಳಿ

ಕೊಳೆತ ಈರುಳ್ಳಿಯ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮದಲ್ಲಿ ಬಿಡುವುದಿಲ್ಲ. ನಾನು ಚಿಕ್ಕವಳಿದ್ದಾಗ ಒಂದು ವರ್ಷ ಅಪ್ಪ, ಬೆಲೆ ಏರಲಿ ಎಂದು, ಕಿತ್ತ ಈರುಳ್ಳಿಯನ್ನು ಹಸಿಯಾಗಿಯೇ ಕೋಣೆಗೆ ತುಂಬಿ ಬಾಗಿಲು ಮುಚ್ಚಿದ್ದರು. ಬೆಲೆ ಏರುವ ಹೊತ್ತಿಗೆ ಹೊಸ್ತಿಲ ಕೆಳಗಿನಿಂದ ನೀರು ಹರಿಯುತ್ತಿತ್ತು. ಅಪ್ಪ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬುಟ್ಟಿ ಬುಟ್ಟಿ ಹೊತ್ತು ತಿಪ್ಪೆಗೆ ಸುರಿದರು. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ವೇದವಾಕ್ಯ: "ಇಟ್ಟರೆ ಕೊಳೆಯುತ್ತೆ, ಕಿತ್ತ ಕೂಡಲೇ ಮಾರು."

ಅದನ್ನು ಇಂದಿಗೂ ಪಾಲಿಸಿಕೊಂಡು ಬಂದಿರುವವನು ನನ್ನ ತಂಗಿಯ ಮಗ. ಮಾತಿನಲ್ಲೂ ನಡಿಗೆಯಲ್ಲೂ ಅವಸರ. ಊರೆಲ್ಲ ಅವನನ್ನು ಬಿರುಗಾಳಿ ಎಂದೇ ಕರೆಯುತ್ತದೆ. ಈ ಸಲ ಕೊಯ್ಲಿನ ಹೊತ್ತಿಗೆ ಅವನು ನನ್ನ ಜಗಲಿಗೆ ಬಂದು ಧೊಪ್ಪನೆ ಕೂತ.

"ದೊಡ್ಡಮ್ಮ, ತೀರ್ಮಾನ ಮಾಡ್ಬಿಟ್ಟೆ. ಈ ಸಲಾನೂ ಬೆಲೆ ಸಿಗ್ಲಿಲ್ಲ ಅಂದ್ರೆ ಹೊಲದ ಮೇಲ್ಮಣ್ಣನ್ನ ಇಟ್ಟಿಗೆ ಗೂಡಿನವನಿಗೆ ಮಾರ್ತೀನಿ. ಅವನು ದಿನಾ ಕೇಳ್ತಿದ್ದಾನೆ."

ಹಿಂದೆಯೇ ಬಂದ ಅವನ ಹೆಂಡತಿ ಕುಡುಗೋಲು ಕೆಳಗಿಟ್ಟಳು. "ಮಣ್ಣು ಮಾರಿದ್ಮೇಲೆ ಮುಂದಿನ ವರ್ಷ ಏನ್ರೀ ಬಿತ್ತೋದು? ಇಟ್ಟಿಗೇನಾ?"

"ನೀನು ಸುಮ್ನಿರೇ. ಬೆಳಗ್ಗೆ ದಲ್ಲಾಳಿ ಬಂದಿದ್ದ, ದೊಡ್ಡಮ್ಮ. ಹೊಲದಲ್ಲಿದ್ದ ಹಾಗೇ ಕೊಟ್ಬಿಡು ಅಂದ. ಅವನು ಹೇಳಿದ ಬೆಲೆ ಕೇಳಿದ್ರೆ ಈರುಳ್ಳಿ ಹೆಚ್ಚೋದೇ ಬೇಡ, ಹಾಗೇ ಕಣ್ಣೀರು ಬರುತ್ತೆ."

ನಗು ಬಂತು, ಸಂಕಟವೂ ಆಯಿತು. ಅವನ ತಾತ, ಮುತ್ತಾತ ಗೊಬ್ಬರ ಹೊತ್ತು ಹೊತ್ತು ಹದ ಮಾಡಿದ ಮಣ್ಣು ಅದು. ಲಾರಿ ಹತ್ತಿತೆಂದರೆ ಮತ್ತೆ ಬರುವುದಿಲ್ಲ.

ಸೊಸೆ ವಾದ ಮಾಡಲಿಲ್ಲ. ಎದ್ದು ಹೋಗಿ ಸಂಘದಕ್ಕನನ್ನು ಕರೆದುಕೊಂಡು ಬಂದಳು. ಊರಿನ ಬೆಳೆಗಾರರ ಸಂಘ ನಡೆಸುವವಳು ಅವಳೇ. ತಾನೂ ಈರುಳ್ಳಿ ಬೆಳೆಯುತ್ತಾಳೆ, ಮಾರಾಟದ ತರಬೇತಿಗೂ ಹೋಗಿ ಬಂದಿದ್ದಾಳೆ. ಬಂದವಳು ಬಿರುಗಾಳಿಗೆ ಮೊದಲು ಒಂದು ಲೋಟ ನೀರು ಕೊಟ್ಟಳು, ಆಮೇಲೆ ಮಾತು ತೆಗೆದಳು.

"ಬೇರೆ ಮಾರುಕಟ್ಟೇಲಿ ಏನು ಬೆಲೆ ಇದೆ, ಕೇಳಿದ್ಯೇನಪ್ಪ?"

"ಯಾರನ್ನ ಕೇಳ್ಲಿ ಅಕ್ಕ?"

"ಕೈಯಲ್ಲಿ ಫೋನಿದೆಯಲ್ಲ, ಅದು ಬರೀ ಹಾಡು ಕೇಳೋಕಾ?"

ಅಲ್ಲೇ ಕೂತು ಮಾರುಕಟ್ಟೆಗಳಿಗೆ ಫೋನ್ ಮಾಡಿದಳು. ಹತ್ತಿರದ ಮಾರುಕಟ್ಟೆಯಲ್ಲಿ ಬೆಲೆ ನೆಲ ಕಚ್ಚಿತ್ತು. ಸುತ್ತಲಿನವರೆಲ್ಲ ಒಂದೇ ವಾರ ಅಲ್ಲೇ ತಂದು ಸುರಿದರೆ ಇನ್ನೇನಾದೀತು? ದೂರದ ಪೇಟೆಯಲ್ಲಿ ಪರವಾಗಿಲ್ಲ ಎನ್ನುವಂತಿತ್ತು.

"ಅಷ್ಟು ದೂರ ನಾನೊಬ್ಬ ಲಾರಿ ಮಾಡಿದ್ರೆ ಬಂದಿದ್ದೆಲ್ಲ ಡೀಸೆಲ್ಲಿಗೇ ಹೋಗುತ್ತೆ."

"ನೀನೊಬ್ಬನೇ ಯಾಕೆ ಮಾಡ್ಬೇಕು? ಸಂಘದ ನಾಲ್ಕು ಮನೆ ಸೇರಿ ಒಂದು ಲಾರಿ."

"ಎಲ್ಲರದೂ ಸೇರೋವರೆಗೆ ಕಾಯ್ಬೇಕು. ಇಟ್ಟರೆ ಕೊಳೆಯುತ್ತೆ ಅಕ್ಕ! ಬೇಕಾದ್ರೆ ದೊಡ್ಡಮ್ಮನ್ನೇ ಕೇಳು."

ನಾನು ಹೇಳಿದೆ: "ಅಪ್ಪ ಇಟ್ಟಿದ್ದು ತಪ್ಪಲ್ಲ ಕಣೋ. ಹಸೀದು ಇಟ್ಟಿದ್ದು ತಪ್ಪು, ಗಾಳಿ ಆಡದ ಹಾಗೆ ಮುಚ್ಚಿದ್ದು ತಪ್ಪು."

ಸಂಘದಕ್ಕ ಬಿಡಿಸಿ ಹೇಳಿದಳು. ಕಿತ್ತ ಗಡ್ಡೆಯ ಮೇಲೆ ಅದರದೇ ಎಲೆ ಹೊದಿಸಿ ಹೊಲದಲ್ಲೇ ಬಾಡಲು ಬಿಡಬೇಕು. ಆಮೇಲೆ ನೆರಳಿನಲ್ಲಿ ಹರಡಬೇಕು. ಗಡ್ಡೆಯ ಕುತ್ತಿಗೆ, ಅಂದರೆ ಎಲೆ ಗಡ್ಡೆಗೆ ಕೂಡುವ ಜಾಗ, ಪೂರ್ತಿ ಒಣಗಿದ ಮೇಲೆ, ಸ್ವಲ್ಪ ಉಳಿಸಿ ಕತ್ತರಿಸಬೇಕು. ಹಾಗೆ ಒಣಗಿದ್ದನ್ನು ಗಾಳಿಯಾಡುವ ಬಿದಿರಿನ ಅಟ್ಟಣೆಯಲ್ಲಿಟ್ಟರೆ ಬೆಲೆಗಾಗಿ ಕಾಯಬಹುದು.

"ಸರಿ," ಎಂದ ಬಿರುಗಾಳಿ. "ಇಷ್ಟು ದಿನ ದಲ್ಲಾಳಿ ನನ್ನ ಕುತ್ತಿಗೆ ಕುಯ್ತಿದ್ದ. ಈ ಸಲ ನಾನು ಈರುಳ್ಳೀದು ಕುಯ್ತೀನಿ."

ಅವನ ಈರುಳ್ಳಿ ಹೊಲದಲ್ಲಿ ಬಾಡಿ, ನೆರಳಿನಲ್ಲಿ ಒಣಗಿ, ಹೊಸದಾಗಿ ಕಟ್ಟಿದ ಅಟ್ಟಣೆ ಏರಿತು. ಲಾರಿ ಬರುವ ಹಿಂದಿನ ದಿನ ಎಲ್ಲರ ಚೀಲಗಳೂ ಅವನ ಅಂಗಳದಲ್ಲಿ ಸೇರಿದವು. ಸಂಘದಕ್ಕ ಅವನದೊಂದು ಚೀಲದ ಹುರಿ ಬಿಚ್ಚಿ ಕೆಳಕ್ಕೆ ಸುರಿದಳು. ಮೊದಲು ಮುಷ್ಟಿಗಾತ್ರದ ಗಡ್ಡೆಗಳು ಉರುಳಿದವು. ಆಮೇಲೆ ಗೋಲಿಯಂಥವು ಸುರಿದವು, ಸುರಿಯುತ್ತಲೇ ಇದ್ದವು.

"ಇದೇನಪ್ಪ?"

"ಬಾಯಿಗೆ ದಪ್ಪ, ತಳಕ್ಕೆ ಸಣ್ಣ. ನಮ್ಮಪ್ಪನ ಕಾಲದಿಂದ ಎಲ್ಲರೂ ತುಂಬೋದೇ ಹೀಗಲ್ವಾ ಅಕ್ಕ?"

"ಎಲ್ಲರೂ ಹೀಗೆ ತುಂಬ್ತಾರೆ ಅಂತ ಕೊಳ್ಳೋನಿಗೂ ಗೊತ್ತು. ಅದಕ್ಕೇ ಅವನು ಬಾಯಿ ನೋಡಲ್ಲ, ತಳಕ್ಕೆ ಕೈ ಹಾಕ್ತಾನೆ. ಇಡೀ ಚೀಲಕ್ಕೆ ಗೋಲಿ ಬೆಲೆ ಕಟ್ತಾನೆ. ದಪ್ಪ ಈರುಳ್ಳಿ ನೀನೇ ಪುಕ್ಕಟೆ ಕೊಟ್ಟ ಹಾಗಾಯ್ತು."

"ಹಾಗಾದ್ರೆ ಸಣ್ಣದನ್ನ ತಿಪ್ಪೆಗೆ ಹಾಕ್ಲಾ?"

"ಬೇರೆ ಚೀಲಕ್ಕೆ ಹಾಕು. ಸಾರಿಗೆ ಇಡಿಯಾಗಿ ಹಾಕೋಕೆ ಸಣ್ಣದೇ ಬೇಕು ಅನ್ನೋ ಹೋಟೆಲಿನವರಿದ್ದಾರೆ."

ಬಿರುಗಾಳಿ ಮುಖ ಊದಿಸಿಕೊಂಡ. "ತುಂಬಿದ್ದೆಲ್ಲ ಬಿಚ್ಚೋದಾ? ನನ್ನ ಚೀಲ, ನನ್ನಿಷ್ಟ."

ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎರಡನೆಯ ಚೀಲವನ್ನು ತಾನೇ ಸುರಿದಳು, ಮೂರನೆಯದನ್ನೂ ಸುರಿದಳು. "ಇದು ನಿಮ್ಮೊಬ್ಬರ ಚೀಲ ಅಲ್ಲಾರೀ. ಇದರಲ್ಲಿ ನಾಲ್ಕು ಮನೆ ಮರ್ಯಾದೆ ಇದೆ, ನಮ್ಮ ಹೊಲದ ಮಣ್ಣಿದೆ. ನಾನಂತೂ ವಿಂಗಡಿಸದೆ ಏಳಲ್ಲ." ನೆಲಕ್ಕೆ ಕೂತೇಬಿಟ್ಟಳು. ಉಳಿದ ಮೂರು ಮನೆಯವರೂ ಬಂದು ಸುತ್ತ ಕೂತರು, ಒಬ್ಬರೂ ಅವನನ್ನು ಹಂಗಿಸಲಿಲ್ಲ. ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನಿಂತಿದ್ದವನು ತಾನೂ ಬಂದು ಹೆಂಡತಿಯ ಪಕ್ಕದಲ್ಲಿ ಜಾಗ ಮಾಡಿಕೊಂಡ.

ಮರುದಿನ ಗಂಡಹೆಂಡತಿ, ಸಂಘದಕ್ಕ ಹೊರಟಾಗ ನಾನೂ ಹಟ ಮಾಡಿ ಲಾರಿಯ ಮುಂದಿನ ಸೀಟಿನಲ್ಲಿ ಹೋದೆ. ಪೇಟೆಯಲ್ಲಿ ದಪ್ಪ ಮೀಸೆಯ ವ್ಯಾಪಾರಿಯೊಬ್ಬ ಬಂದು ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿದ. ಬಿರುಗಾಳಿ ಆ ಕೈಯನ್ನೇ ನೋಡುತ್ತಿದ್ದ. ಕೈ ಹೊರಗೆ ಬಂತು. ವ್ಯಾಪಾರಿ ತಳದ ಗಡ್ಡೆಯನ್ನು ಬಾಯಿಯ ಗಡ್ಡೆಯ ಪಕ್ಕದಲ್ಲಿ ಹಿಡಿದು ನೋಡಿದ, ಎರಡೂ ಅಕ್ಕತಂಗಿಯರ ಹಾಗಿದ್ದವು. ನಂಬದೆ ಮತ್ತೊಂದು ಚೀಲಕ್ಕೆ ಕೈ ಹಾಕಿದ. ಅಷ್ಟರಲ್ಲಿ ಇನ್ನಿಬ್ಬರು ವ್ಯಾಪಾರಿಗಳು ಬಂದರು, ಒಬ್ಬರ ಮೇಲೊಬ್ಬರು ಬೆಲೆ ಕೂಗತೊಡಗಿದರು.

ಬೆಲೆ ಆಕಾಶಕ್ಕೇನೂ ಏರಲಿಲ್ಲ. ಆದರೆ ದಲ್ಲಾಳಿ ಹೊಲದಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಮೇಲಿತ್ತು. ತೂಕ ಕಣ್ಣೆದುರೇ ಆಯಿತು, ಸಂಘದಕ್ಕ ಚೀಟಿ ಕೇಳಿ ಪಡೆದಳು. ಸಣ್ಣ ಗಡ್ಡೆಗಳಲ್ಲಿ ಅಂದು ಅರ್ಧ ಪಾಲಿಗೆ ಮಾತ್ರ ಗಿರಾಕಿ ಸಿಕ್ಕಿದ, ಉಳಿದರ್ಧ ಅಟ್ಟಣೆಗೆ ವಾಪಸಾಯಿತು. ಬಿರುಗಾಳಿ ಅಲ್ಲಿಂದಲೇ ಇಟ್ಟಿಗೆ ಗೂಡಿನವನಿಗೆ ಫೋನ್ ಮಾಡಿದ. "ಇಲ್ಲ ಅಣ್ಣ, ಮಣ್ಣು ಕೊಡಲ್ಲ. ಇನ್ಮೇಲೆ ಕೇಳ್ಬೇಡಿ." ಪಕ್ಕದಲ್ಲೇ ಇದ್ದ ಸೊಸೆ ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರುಳ್ಳಿ ಘಾಟು ಎಂದಳು.

ರೈತ ಬಂಧುಗಳೇ, ಅಕ್ಕತಂಗಿಯರೇ, ಬೆಳೆಯುವುದು ಅರ್ಧ ಕೆಲಸ, ಮಾರುವುದು ಇನ್ನರ್ಧ. ಕೊಡುವ ಮುನ್ನ ನಾಲ್ಕು ಕಡೆ ಬೆಲೆ ವಿಚಾರಿಸಿ. ಚೆನ್ನಾಗಿ ಒಣಗಿಸಿ, ಗಾತ್ರ ನೋಡಿ ವಿಂಗಡಿಸಿ, ತೂಕದ ಚೀಟಿ ಬಿಡಬೇಡಿ. ನಿಮ್ಮೂರಲ್ಲಿ ಬೆಳೆಗಾರರ ಸಂಘವಿದ್ದರೆ ಸೇರಿ. ಇಲ್ಲವಾದರೆ ಪಕ್ಕದ ಹೊಲದವರನ್ನು ಇಂದೇ ಮಾತಾಡಿಸಿ. ಒಬ್ಬರೇ ಹೋದವರಿಗೆ ಸಿಕ್ಕಿದ್ದೇ ಬೆಲೆ, ಕೂಡಿ ಹೋದವರು ಕೇಳಿ ಪಡೆಯುತ್ತಾರೆ.

ಅಂದು ಪೇಟೆಯಲ್ಲಿ ನಮ್ಮ ಪಕ್ಕದಲ್ಲೇ ಒಬ್ಬ ಮುದುಕ, ಒಂಟಿಯಾಗಿ ಬಂದವನು, ಬಾಯಿಗೆ ದಪ್ಪ ಗಡ್ಡೆ ಜೋಡಿಸಿದ ಚೀಲಗಳ ಮೇಲೆ ಕೂತಿದ್ದ. ತಳಕ್ಕೆ ಕೈ ಹಾಕಿದ ವ್ಯಾಪಾರಿಗಳೆಲ್ಲ ಮಾತಾಡದೆ ಮುಂದೆ ಹೋಗಿದ್ದರು. ಬಿರುಗಾಳಿ ಅವನ ಬಳಿ ಹೋಗಿ ಕೂತ. ಅವಸರ ಮಾಡಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಹೆಂಡತಿ ಕಟ್ಟಿ ತಂದಿದ್ದ ಬುತ್ತಿಯ ಗಂಟು ಬಿಚ್ಚಿ, ಮುದುಕನ ಮಡಿಲಲ್ಲಿಟ್ಟ.